ಹೊಸ ಅಕ್ಕಿ ಊಟದ ದಿನ ಅನ್ನ ಮುದ್ದೆಯಾದರೆ ಏನು ಮಾಡೋದು?

ಕಳೆದ ವರ್ಷ ಉದ್ಯಾವರದ ನಮ್ಮ ಮನೆಯಲ್ಲಿ ಹೊಸ ಅಕ್ಕಿ ಊಟ. ನೆಂಟರು ಮೂವತ್ತು ಜನ. ನಾಟಿಯಿಂದ ಕಟಾವಿನವರೆಗೆ ಗದ್ದೆ ನೋಡಿಕೊಂಡವನು ನಾನು. ಹಾಗಾಗಿ "ಅನ್ನವೂ ನಾನೇ ಮಾಡ್ತೇನೆ" ಅಂತ ಒಲೆ ಮುಂದೆ ನಿಂತೆ. ಹಳೆ ಕುಚ್ಚಲಕ್ಕಿಗೆ ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಬೇಯಿಸಿದೆ. ಮುಚ್ಚಳ ತೆಗೆದರೆ ಅಗುಳು ಒಡೆದು ಅರ್ಧ ಗಂಜಿ! ಗಾಬರಿಯಲ್ಲಿ ಸೌಟು ಹಾಕಿ ತಿರುವಿದೆ, ಇನ್ನೂ ಹಾಳಾಯ್ತು.

"ಸೌಟು ಕೆಳಗಿಡು ಮಗಾ, ಮೊದಲು ಬೆಂಕಿ ತೆಗಿ" ಅಂದರು ದೊಡ್ಡಮ್ಮ. ತೆಳಿ ಪೂರ್ತಿ ಬಸಿದು, ಅನ್ನವನ್ನು ಬಾಳೆಲೆ ಮೇಲೆ ತೆಳ್ಳಗೆ ಹರಡಿದರು. ಹಬೆ ಹೋದ ಮೇಲೆ ಮೇಲಿನ ಅನ್ನ ಬಡಿಸುವ ಹಾಗಾಯ್ತು. ಮುದ್ದೆಯಾದದ್ದಕ್ಕೆ ಮೊಸರು, ಒಗ್ಗರಣೆ ಬಿತ್ತು. ಮೊಸರನ್ನವೇ ಮೊದಲು ಖಾಲಿ! ಒಂದು ಅಗುಳೂ ಚೆಲ್ಲಲಿಲ್ಲ. ನಾಲ್ಕು ತಿಂಗಳು ದುಡಿದು ಬೆಳೆದ ಅಕ್ಕಿ, ಚೆಲ್ಲಲಿಕ್ಕೆ ಮನಸ್ಸು ಬರ್ತದಾ?

ನಮ್ಮ ಕರಾವಳಿಯಲ್ಲಿ ಏಣೆಲು ಬೆಳೆ ಕೈಗೆ ಬರುವಾಗ ಈ ಊಟ. ತುಳುವಿನಲ್ಲಿ ಪುದ್ವಾರ್. ಕ್ರೈಸ್ತರ ಮನೆಗಳಲ್ಲಿ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ತೆನೆ ತಂದು ಸಸ್ಯಾಹಾರದ ಊಟ ಮಾಡ್ತಾರೆ. ಅಷ್ಟಮಿ, ಚೌತಿಯೂ ಇದೇ ಆಸುಪಾಸಿನಲ್ಲಿ. ಅಡುಗೆ ಕೆಟ್ಟರೆ ಕೈಗುಣ ಸರಿ ಇಲ್ಲ ಅಂತೇವೆ. ಆದರೆ ಎಷ್ಟೋ ಸಲ ಕಾರಣ ಬೆಳೆಯ ಗುಣದಲ್ಲೇ ಇರ್ತದೆ. ಅದು ನಮಗೆ, ಬೆಳೆದವರಿಗೆ, ಗೊತ್ತಿರಬೇಕು.

ಅನ್ನ
ಹೊಸ ಅಕ್ಕಿ ಬೇಗ ಬೇಯ್ತದೆ, ಅಂಟುತ್ತದೆ. ದಾಸ್ತಾನಿನಲ್ಲಿ ಹಳತಾದಷ್ಟೂ ಅಕ್ಕಿ ಗಟ್ಟಿಯಾಗಿ ಹೆಚ್ಚು ನೀರು ಹೀರ್ತದೆ. ಹಾಗಾಗಿ ಹೊಸ ಅಕ್ಕಿಯನ್ನು ಆಗಾಗ ಹಿಚುಕಿ ನೋಡಿ, ಬೇಗ ಬಸಿಯಿರಿ. ಕುಕ್ಕರ್ ಆದರೆ ನೀರು ಕಡಿಮೆ ಮಾಡಿ. ಬೇಯದೆ ಉಳಿದರೆ ಬಿಸಿನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಇಡಿ. ತಳ ಹಿಡಿದರೆ ಕೆರೆಯಬೇಡಿ. ಮೇಲಿನದ್ದನ್ನು ಮಾತ್ರ ಬೇರೆ ಪಾತ್ರೆಗೆ ತೆಗೆಯಿರಿ.

ಪತ್ರೊಡೆ
ಗಂಟಲು ತುರಿಸಲು ಕಾರಣ ಕೆಸುವಿನ ಎಲೆಯಲ್ಲಿರುವ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಹಿಟ್ಟಿಗೆ ಹುಣಸೆಹುಳಿ ಧಾರಾಳ ಬೇಕು, ಹಬೆಯಲ್ಲಿ ಚೆನ್ನಾಗಿ ಬೇಯಬೇಕು. ಬೆಂದ ಮೇಲೂ ತುರಿಸಿದರೆ ಬಿಲ್ಲೆಗಳಾಗಿ ಕತ್ತರಿಸಿ, ಹುಣಸೆ, ಬೆಲ್ಲ, ಮಸಾಲೆಯ ರಸದಲ್ಲಿ ಇನ್ನೊಮ್ಮೆ ಕುದಿಸಿ. ರುಚಿ ನೋಡಿಯೇ ಬಡಿಸಿ.

ಪಾಯಸ
ಬೆಲ್ಲದಲ್ಲಿ ಹುಳಿ ಅಂಶ ಇರ್ತದೆ. ಕುದಿಯುವ ಹಸುವಿನ ಹಾಲಿಗೆ ಹಾಕಿದರೆ ಒಡೆಯಬಹುದು. ದಪ್ಪ ತೆಂಗಿನ ಹಾಲು ಜೋರಾಗಿ ಕುದಿದರೂ ಒಡೀತದೆ, ಅದನ್ನು ಒಲೆ ಆರಿಸಿದ ಮೇಲೆ ಸೇರಿಸಿ. ತೆಂಗಿನ ಹಾಲು ಒಡೆದೇ ಹೋಯ್ತಾ? ನೆನೆಸಿದ ಅಕ್ಕಿಯನ್ನು ತೆಂಗಿನ ತುರಿ ಜೊತೆ ನುಣ್ಣಗೆ ರುಬ್ಬಿ ಹಾಕಿ, ಸಣ್ಣ ಉರಿಯಲ್ಲಿ ಅಕ್ಕಿಯ ಹಸಿ ವಾಸನೆ ಹೋಗುವವರೆಗೆ ತಿರುವಿ. ಪಾಯಸ ಮತ್ತೆ ಕೂಡಿಕೊಳ್ತದೆ.

ಹುಳಿಗೆ ಉಪ್ಪು ಜಾಸ್ತಿ
ಆಲೂಗಡ್ಡೆ ಹಾಕಿದರೆ ಉಪ್ಪು ಹೀರ್ತದೆ ಅಂತ ವಾಟ್ಸಾಪ್‌ನಲ್ಲಿ ಓದಿರ್ತೀರಿ. ಅದು ಹೀರೋದು ಉಪ್ಪುನೀರನ್ನೇ, ಉಳಿದ ರಸದ ಉಪ್ಪು ಹಾಗೇ ಇರ್ತದೆ. ಹುಳಿಯ ಪ್ರಮಾಣ ಹೆಚ್ಚಿಸೋದೇ ದಾರಿ: ಉಪ್ಪಿಲ್ಲದೆ ಬೇಯಿಸಿದ ತೊಗರಿಬೇಳೆ, ತರಕಾರಿ, ಸ್ವಲ್ಪ ತೆಂಗಿನ ಮಸಾಲೆ. ಅದಕ್ಕೇ ದೊಡ್ಡ ಅಡುಗೆಗೆ ಮೊದಲು ಅರ್ಧ ಉಪ್ಪು ಮಾತ್ರ ಹಾಕಿ, ಉಳಿದದ್ದು ಕೊನೆಗೆ.

ಇದೊಂದಕ್ಕೆ ಮಾತ್ರ ರಿಪೇರಿ ಇಲ್ಲ
ಸೌತೆ, ಸೋರೆ, ಹೀರೆ ಹೆಚ್ಚುವಾಗ ಪ್ರತಿ ಕಾಯಿಯ ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ವಿಪರೀತ ಕಹಿ ಇದ್ದರೆ ಉಗುಳಿ, ಆ ಕಾಯಿ ಬಿಸಾಡಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷಾಂಶದ್ದು. ಬೇಯಿಸಿದರೂ ಹೋಗೋದಿಲ್ಲ, ಬೆಲ್ಲ ಹಾಕಿದರೂ ಹೋಗೋದಿಲ್ಲ. ವಾಂತಿ, ಭೇದಿ ಆಗ್ತದೆ. ಒಂದು ಕಹಿ ಕಾಯಿ ಇಡೀ ಪಾತ್ರೆ ಕೆಡಿಸ್ತದೆ.

ಹಬ್ಬಕ್ಕೆ ಮೊದಲು
ಎರಡು ದಿನ ಮುಂಚೆ ಒಂದು ಪಾವು ಹೊಸ ಅಕ್ಕಿ ಬೇಯಿಸಿ ನೋಡಿ. ತಳಿಯ ಹೆಸರು, ಕಟಾವಾಗಿ ಎಷ್ಟು ದಿನ, ಎಷ್ಟು ನಿಮಿಷಕ್ಕೆ ಬೆಂತು, ಇಷ್ಟನ್ನು ಮೊಬೈಲಿನಲ್ಲಿ ಬರೆದಿಡಿ. ನನ್ನ ಮೊಬೈಲಿನಲ್ಲಿ ಈಗ ಎಂಒ-4ರದ್ದು ಇದೆ. ಅಕ್ಕಿ ಮಾರುವಾಗಲೂ ಇದು ಉಪಯೋಗ. "ಬೇಯಿಸೋದು ಹೇಗೆ?" ಅಂತ ಗಿರಾಕಿ ಕೇಳಿದರೆ ಉತ್ತರ ನಿಮ್ಮ ಹತ್ತಿರವೇ ಇರ್ತದೆ.

ಅಷ್ಟಾಗಿಯೂ ಕೆಟ್ಟರೆ? ಮೊದಲು ಬೆಂಕಿ ತೆಗೆಯಿರಿ. ಆಮೇಲೆ ಮನೆಯ ಹಿರಿಯರನ್ನು ಕರೆಯಿರಿ.