ನನ್ನ ಹೆಸರಿಗೊಂದು ವಿಳಾಸ

ಮನೆ ಬದಲಿಸಿದಾಗ ಹಳೆಯ ಮನೆಗೆ ಬಂದ ಕಾಗದಗಳನ್ನು ನಮ್ಮ ಅಂಚೆಯಣ್ಣ ಹೇಗಾದರೂ ಹೊಸ ಮನೆಗೆ ಮುಟ್ಟಿಸುತ್ತಿದ್ದ. ಇಂಟರ್ನೆಟ್ ಕಂಪನಿ ಬದಲಿಸಿದಾಗ ಅಂಥ ಪುಣ್ಯಾತ್ಮ ಯಾರೂ ಸಿಗಲಿಲ್ಲ. ಹನ್ನೊಂದು ವರ್ಷ ಬಳಸಿದ ಇಮೇಲ್ ವಿಳಾಸ ಆ ಕಂಪನಿ ಕೊಟ್ಟಿದ್ದು. ಸಂಪರ್ಕ ಬಿಟ್ಟೊಡನೆ ಅದೂ ಹೋಯಿತು. ಹಳೆಯ ವಿದ್ಯಾರ್ಥಿಗಳು ಬರೆದ ಪತ್ರಗಳು ವಾಪಸಾದವು. ಒಬ್ಬನಂತೂ ಮೇಷ್ಟ್ರು ಹೋಗಿಬಿಟ್ಟರೇನೋ ಎಂದು ಹೆದರಿ ಮನೆಗೆ ಫೋನ್ ಮಾಡಿದ. ಎತ್ತಿದ್ದು ನಾನೇ!

“ತಾತ, ನಿಮ್ಮದೇ ಒಂದು ಡೊಮೈನ್ ತಗೊಳ್ಳಿ” ಎಂದಳು ಒಂಬತ್ತನೇ ತರಗತಿಯ ಮೊಮ್ಮಗಳು.

ಮಕ್ಕಳೇ, ಕಂಪ್ಯೂಟರುಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ. ನಮಗೆ ಅಂಕಿ ನೆನಪಿರುವುದಿಲ್ಲವಲ್ಲ, ಅದಕ್ಕೇ ಹೆಸರು. ಹೆಸರು ಹೇಳಿದರೆ ಅಂಕಿ ಹುಡುಕಿಕೊಡುವ ವ್ಯವಸ್ಥೆಯನ್ನು 1983ರಲ್ಲಿ ಅಮೆರಿಕದ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಆ ಹೆಸರೇ ಡೊಮೈನ್. ಅದು ನಮ್ಮ ಕೈಯಲ್ಲಿದ್ದರೆ ಹಿಂದಿನ ಕಂಪನಿ ಬದಲಾದರೂ ವಿಳಾಸ ಬದಲಾಗದು. ಆರ್ಕುಟ್ ನೆನಪಿದೆಯೇ? 2014ರಲ್ಲಿ ಅದು ಮುಚ್ಚಿದಾಗ ಅಲ್ಲಿದ್ದವರ ಪುಟಗಳೂ ಹೋದವು.

ಕೊನೆಯಲ್ಲಿ ‘ಡಾಟ್ ಇನ್’ ಇರುವ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯೊಳಗೇ ಆಯಿತು. ಇಮೇಲ್ ಸೇವೆಗೆ ಬೇರೆ ದುಡ್ಡು. ಕನ್ನಡ ಅಕ್ಷರದಲ್ಲೇ ‘.ಭಾರತ’ ಎಂದು ಮುಗಿಯುವ ಹೆಸರೂ ಸಿಗುತ್ತದೆ, ಆಸೆಯಾಯಿತು. ಆದರೆ ಎಷ್ಟೋ ಕಡೆ ಅಂಥ ವಿಳಾಸ ಬರೆದರೆ ‘ತಪ್ಪು’ ಎನ್ನುತ್ತದೆ, ಬಿಟ್ಟೆ. ನನ್ನ ಹೆಸರನ್ನು ಯಾರೋ ಮೊದಲೇ ಹಿಡಿದಿದ್ದರು. ಮೊಮ್ಮಗಳು ಮುಂದೆ ‘ಮೇಷ್ಟ್ರು’ ಸೇರಿಸಿದಳು, ಸಿಕ್ಕಿತು. ಪತ್ರ ಎಲ್ಲಿಗೆ ಹೋಗಬೇಕೆಂದು ತುಂಬುವ ಜಾಗದಲ್ಲಿ ನಾನೊಂದು ಅಕ್ಷರ ತಪ್ಪಿದ್ದಕ್ಕೆ ಎರಡು ದಿನ ಒಂದೂ ಪತ್ರ ಬರಲಿಲ್ಲ.

‘ಸ್ವಂತ’ ಅಂದೆನಲ್ಲ, ನಿಜವಾಗಿ ಇದು ಬಾಡಿಗೆ. ಒಮ್ಮೆಗೆ ಹೆಚ್ಚೆಂದರೆ ಹತ್ತು ವರ್ಷ. ಕಟ್ಟಲು ಮರೆತರೆ ಕೆಲವು ದಿನ ಕಾಯುತ್ತಾರೆ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಕೊಂಡವನಿಗೆ ನಮ್ಮ ಹೆಸರಿಗೆ ಬರುವ ಪತ್ರಗಳೂ ಸಿಗುತ್ತವೆ! ಹೀಗಾಗಿ ಬ್ಯಾಂಕಿಗೂ ಪಿಂಚಣಿಗೂ ಈ ವಿಳಾಸ ಕೊಟ್ಟಿಲ್ಲ. ಡೊಮೈನ್ ಮಾರಿದವರಿಗೂ ಬೇರೆಯದೇ ಇಮೇಲ್ ಕೊಟ್ಟಿದ್ದೇನೆ. ಇಲ್ಲದಿದ್ದರೆ ‘ಅವಧಿ ಮುಗಿದಿದೆ’ ಎಂಬ ಎಚ್ಚರಿಕೆ ಮುಚ್ಚಿದ ಬಾಗಿಲಿಗೇ ಬಂದು ಬಿದ್ದೀತು.

ಒಂದು ಪುಟದ ವೆಬ್‌ಸೈಟನ್ನೂ ಮೊಮ್ಮಗಳು ಮಾಡಿಕೊಟ್ಟಳು. ನೋಡಿದವರು ನಮ್ಮ ಮನೆಯವರೇ. ಬರೀ ಫೋಟೋ ತೋರಿಸಲು ಇಷ್ಟು ಪಾಡು ಬೇಡ, ವಾಟ್ಸಾಪ್ ಸಾಕು. ಮಕ್ಕಳು ಮಾಡುವುದಾದರೆ ದೊಡ್ಡವರ ಹೆಸರಿನಲ್ಲಿ ಮಾಡಿಸಿ. ಮನೆ, ಶಾಲೆ, ಫೋನ್ ನಂಬರ್ ಅಲ್ಲಿ ಬೇಡ. ನನಗೆ ಮಾತ್ರ ಪತ್ರದ ವಿಳಾಸಕ್ಕಾಗಿಯೇ ಈ ಖರ್ಚು ಸಾರ್ಥಕವೆನಿಸಿದೆ.

ಮೊನ್ನೆ ಅದೇ ಹಳೆಯ ಶಿಷ್ಯ ಬರೆದಿದ್ದ: “ಮೇಷ್ಟ್ರೇ, ಇನ್ನು ವಿಳಾಸ ಬದಲಾಗಲ್ಲ ತಾನೇ?”

“ಹತ್ತು ವರ್ಷಕ್ಕೆ ಕಟ್ಟಿದ್ದೇನಪ್ಪ. ಆಮೇಲಿನದನ್ನು ಮೊಮ್ಮಗಳಿಗೆ ವಹಿಸಿದ್ದೇನೆ, ಪಾಸ್‌ವರ್ಡ್ ಅವಳ ಹತ್ತಿರವಿದೆ” ಎಂದು ಬರೆದೆ.