ಕಚೇರಿ ದೂರ, ಕಡಲು ಹತ್ತಿರ

ಫುಟ್‌ಬಾಲ್ ಪ್ರಿಯರಿಗೆ ಮಡೀರಾ ಎಂಬ ಹೆಸರು ಗೊತ್ತಿರಬಹುದು. ಕ್ರಿಸ್ಟಿಯಾನೊ ರೊನಾಲ್ಡೊ ಹುಟ್ಟಿದ ದ್ವೀಪ ಅದು. ಪೋರ್ಚುಗಲ್ ದೇಶಕ್ಕೆ ಸೇರಿದ್ದರೂ ಅದರ ರಾಜಧಾನಿ ಲಿಸ್ಬನ್‌ನಿಂದ ಸುಮಾರು ಒಂದು ಸಾವಿರ ಕಿಲೋಮೀಟರ್ ದೂರದಲ್ಲಿ, ಅಟ್ಲಾಂಟಿಕ್ ಸಾಗರದ ನಡುವೆ ಇದೆ. ಈ ದ್ವೀಪದ ದಕ್ಷಿಣ ದಂಡೆಯಲ್ಲಿ ಪೊಂಟಾ ಡೊ ಸೋಲ್ ಎಂಬ ಊರಿದೆ. ಬೆನ್ನಿಗೆ ಕಡಿದಾದ ಬೆಟ್ಟ, ಬೆಟ್ಟದ ಮೈಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬಾಳೆತೋಟ, ಎದುರಿಗೆ ಉರುಟು ಕಲ್ಲುಗಳ ಕಡಲತೀರ. ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿದರೂ ಜನಸಂಖ್ಯೆ ಒಂಬತ್ತು ಸಾವಿರ ದಾಟುವುದಿಲ್ಲ.

2021ರ ಫೆಬ್ರವರಿಯಲ್ಲಿ ಈ ಊರಿನಲ್ಲಿ ಒಂದು ಪ್ರಯೋಗ ಆರಂಭವಾಯಿತು. ಕೋವಿಡ್ ಕಾಲ. ಪ್ರವಾಸಿಗರಿಲ್ಲದೆ ಹೋಟೆಲುಗಳು ಖಾಲಿ ಬಿದ್ದಿದ್ದವು. ಅದೇ ವೇಳೆಗೆ ಯುರೋಪಿನ ಲಕ್ಷಾಂತರ ಮಂದಿ ಕಚೇರಿಗೆ ಹೋಗದೆ ಮನೆಯಿಂದಲೇ ದುಡಿಯುತ್ತಿದ್ದರು. ಮನೆಯಲ್ಲಿ ಕೂತು ಮಾಡುವ ಕೆಲಸವನ್ನು ನಮ್ಮ ದ್ವೀಪದಲ್ಲಿ ಕೂತು ಮಾಡಬಾರದೇಕೆ ಎಂದು ಮಡೀರಾದ ಪ್ರಾದೇಶಿಕ ಸರ್ಕಾರ ಯೋಚಿಸಿತು. ‘ಸ್ಟಾರ್ಟಪ್ ಮಡೀರಾ’ ಎಂಬ ಸಂಸ್ಥೆಯ ಮೂಲಕ ಪೊಂಟಾ ಡೊ ಸೋಲ್‌ನ ಜಾನ್ ಡೋಸ್ ಪಾಸೋಸ್ ಸಾಂಸ್ಕೃತಿಕ ಕೇಂದ್ರದಲ್ಲಿ ಒಂದು ಕೊಠಡಿಯನ್ನು ಇದಕ್ಕಾಗಿ ಬಿಟ್ಟುಕೊಟ್ಟಿತು. ಮೇಜು, ಕುರ್ಚಿ, ವೇಗದ ಅಂತರಜಾಲ, ಬಾಡಿಗೆ ಇಲ್ಲ. ಬಂದವರು ಕನಿಷ್ಠ ಒಂದು ತಿಂಗಳಾದರೂ ಊರಿನಲ್ಲಿ ಉಳಿಯಲಿ ಎಂಬುದು ನಿರೀಕ್ಷೆ. ಇಂಥವರನ್ನು ‘ಡಿಜಿಟಲ್ ಅಲೆಮಾರಿಗಳು’ ಎಂದೂ, ಇಂಥ ಹಂಚಿಕೊಂಡ ಕಚೇರಿಯನ್ನು ‘ಕೋ-ವರ್ಕಿಂಗ್’ ಕೇಂದ್ರವೆಂದೂ ಕರೆಯುತ್ತಾರೆ.

ಈಗ ಒಂದು ಪ್ರಶ್ನೆ. ಬಂದವರೆಲ್ಲರ ಹತ್ತಿರ ಲ್ಯಾಪ್‌ಟಾಪ್ ಇತ್ತು. ಬಾಡಿಗೆಗೆ ಹಿಡಿದ ಮನೆಯಲ್ಲಿ ಅಂತರಜಾಲವೂ ಇತ್ತು. ಒಬ್ಬರ ಕಂಪನಿ ಇನ್ನೊಬ್ಬರ ಕಂಪನಿಯಲ್ಲ. ಹೀಗಿದ್ದೂ ಬೆಳಿಗ್ಗೆ ಎದ್ದು, ಮುಖ ತೊಳೆದು, ಅಪರಿಚಿತರ ನಡುವೆ ಹೋಗಿ ಕೂರುವ ಅಗತ್ಯವೇನು? ದುಡಿಮೆ ಎಂದರೇನು ಎಂಬ ವಿಷಯವೇ ಈ ಪ್ರಶ್ನೆಯೊಳಗೆ ಅಡಗಿದೆ. ಆದ್ದರಿಂದ ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

ಮೊದಲು ಕೆಲಸ ಸಮುದ್ರ ದಾಟುವ ಬಗೆ. ಮಡೀರಾವನ್ನು ಹೊರಜಗತ್ತಿಗೆ ಜೋಡಿಸಿರುವುದು ಕಡಲ ತಳದಲ್ಲಿ ಹಾಸಿರುವ ಕೇಬಲ್‌ಗಳು. ಕೇಬಲ್‌ನ ಒಳಗೆ ಕೂದಲೆಳೆಯಷ್ಟು ಸಪೂರವಾದ ಗಾಜಿನ ತಂತುಗಳಿರುತ್ತವೆ. ಮಾತು, ಚಿತ್ರ, ಲೆಕ್ಕಪತ್ರ ಎಲ್ಲವೂ ಬೆಳಕಿನ ಮಿಡಿತಗಳಾಗಿ ಅದರೊಳಗೆ ಓಡುತ್ತವೆ. ನಿರ್ವಾತದಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಎಂದು ಓದಿದ್ದೀರಿ. ಗಾಜಿನಲ್ಲಿ ಅದು ಸುಮಾರು 2 ಲಕ್ಷಕ್ಕೆ ಇಳಿಯುತ್ತದೆ. ಮಡೀರಾದಿಂದ ಜರ್ಮನಿಯ ಬರ್ಲಿನ್‌ಗೆ ಕೇಬಲ್ ದಾರಿ 4,000 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಹೋಗಲು ಸೆಕೆಂಡಿನ ಐವತ್ತನೇ ಒಂದು ಭಾಗ, ಬರಲು ಮತ್ತಷ್ಟು. ನಡುವಿನ ಯಂತ್ರಗಳು ಇದಕ್ಕೆ ಇನ್ನಷ್ಟು ಸೇರಿಸಿದರೂ ನಮ್ಮ ಕಿವಿಗೆ ಗೊತ್ತಾಗುವುದಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನಮಗೆ ಈ ಲೆಕ್ಕ ಬೇರೆ ಕಾರಣದಿಂದ ಚೆನ್ನಾಗಿ ಗೊತ್ತು. ಸ್ಟುಡಿಯೋದಲ್ಲಿರುವ ನಿರೂಪಕರು ಉಪಗ್ರಹದ ಮೂಲಕ ದೂರದ ಊರಿನ ವರದಿಗಾರರಿಗೆ ಪ್ರಶ್ನೆ ಕೇಳುತ್ತಾರೆ. ವರದಿಗಾರರು ಕ್ಷಣಕಾಲ ಸುಮ್ಮನೆ ತಲೆಯಾಡಿಸುತ್ತ ನಿಂತು, ಆಮೇಲೆ ಉತ್ತರ ಕೊಡುತ್ತಾರೆ. ಇದನ್ನು ನೀವೂ ನೋಡಿ ನಕ್ಕಿರಬಹುದು. ತಪ್ಪು ಅವರದಲ್ಲ. ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುತ್ತದೆ. ಪ್ರಶ್ನೆ ಅಲ್ಲಿಗೆ ಏರಿ ಕೆಳಗಿಳಿಯಲು ಕಾಲು ಸೆಕೆಂಡು, ಉತ್ತರಕ್ಕೆ ಇನ್ನೊಂದು ಕಾಲು ಸೆಕೆಂಡು. ಅರ್ಧ ಸೆಕೆಂಡು ಏನು ಮಹಾ ಎನ್ನಬೇಡಿ. ಭಾಷಾವಿಜ್ಞಾನಿಗಳು ಹತ್ತು ಭಾಷೆಗಳ ಸಂಭಾಷಣೆಗಳನ್ನು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಬ್ಬರು ಮಾತು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಸರಾಸರಿ ಬಿಡುವು ಸೆಕೆಂಡಿನ ಐದನೇ ಒಂದು ಭಾಗ ಮಾತ್ರ. ಅದಕ್ಕಿಂತ ತಡವಾದರೆ, ಕೇಳಿಸಲಿಲ್ಲವೇನೋ ಎಂದುಕೊಂಡು ನಾವು ಮತ್ತೆ ಬಾಯಿ ತೆರೆಯುತ್ತೇವೆ. ಇಬ್ಬರ ಮಾತೂ ಡಿಕ್ಕಿ ಹೊಡೆಯುತ್ತದೆ. ದ್ವೀಪದಲ್ಲಿ ಕೂತು ಕಚೇರಿಯ ಸಭೆಗೆ ಸಲೀಸಾಗಿ ಸೇರಬಹುದಾದರೆ ಅದಕ್ಕೆ ಬಹುಪಾಲು ಕಾರಣ ಕಡಲಡಿಯ ಗಾಜು. (ಕೆಲವೇ ನೂರು ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಹೊಸ ಪೀಳಿಗೆಯ ಉಪಗ್ರಹಗಳಲ್ಲಿ ಈ ವಿಳಂಬ ಬಹಳ ಕಡಿಮೆ.)

ತಂತಿಯ ಮೂಲಕ ಕೆಲಸಕ್ಕೆ ಹೋಗುವ ಕಲ್ಪನೆ ಹೊಸದಲ್ಲ. 1973ರಲ್ಲಿ ಅಮೆರಿಕದ ಜ್ಯಾಕ್ ನೈಲ್ಸ್ ಎಂಬ ಎಂಜಿನಿಯರ್ ಇದಕ್ಕೆ ‘ಟೆಲಿಕಮ್ಯೂಟಿಂಗ್’ ಎಂದು ಹೆಸರಿಟ್ಟರು. ಲಾಸ್ ಏಂಜಲಿಸ್ ನಗರದ ವಾಹನ ದಟ್ಟಣೆ ಕಂಡು, ಜನರನ್ನು ಸಾಗಿಸುವ ಬದಲು ಮಾಹಿತಿಯನ್ನೇ ಸಾಗಿಸಿದರೆ ಹೇಗೆ ಎಂದು ಅವರು ಕೇಳಿದರು. ಕುತೂಹಲದ ಸಂಗತಿಯೆಂದರೆ, ಒಂದು ವಿಮಾ ಕಂಪನಿಯ ಜೊತೆ ಅವರು ಮಾಡಿದ ಪ್ರಯೋಗದಲ್ಲಿ ನೌಕರರನ್ನು ಮನೆಯಲ್ಲಿ ಕೂರಿಸಲಿಲ್ಲ. ಮನೆಗೆ ಹತ್ತಿರದ ಸಣ್ಣ ಉಪಕಚೇರಿಗಳಲ್ಲಿ ನಾಲ್ಕಾರು ಜನರ ಜೊತೆ ಕೂರಿಸಿದರು. ಮುಂದೆ ಗಣಕಯಂತ್ರ ಮನೆ ಮನೆಗೆ ಬಂದಾಗ ಈ ಉಪಕಚೇರಿಯ ಮಾತು ಬಹುಮಟ್ಟಿಗೆ ಮರೆತೇಹೋಯಿತು.

ಅದರ ಬೆಲೆ ಗೊತ್ತಾದದ್ದು ತಡವಾಗಿ. 2010-11ರಲ್ಲಿ ಚೀನಾದ ‘ಸಿಟ್ರಿಪ್’ ಎಂಬ ಪ್ರವಾಸ ಕಂಪನಿಯಲ್ಲಿ ಅರ್ಥಶಾಸ್ತ್ರಜ್ಞ ನಿಕೊಲಸ್ ಬ್ಲೂಮ್ ಮತ್ತು ಸಂಗಡಿಗರು ಒಂದು ಅಚ್ಚುಕಟ್ಟಾದ ಪ್ರಯೋಗ ನಡೆಸಿದರು. ಮನೆಯಿಂದ ದುಡಿಯಲು ಒಪ್ಪಿ ಅರ್ಹರಾದ ಸುಮಾರು 250 ದೂರವಾಣಿ ಸಿಬ್ಬಂದಿಯಲ್ಲಿ, ಹುಟ್ಟಿದ ತಾರೀಖು ಸಮಸಂಖ್ಯೆಯಾಗಿದ್ದವರನ್ನು ಮನೆಗೆ ಕಳಿಸಿದರು, ಬೆಸಸಂಖ್ಯೆಯವರನ್ನು ಕಚೇರಿಯಲ್ಲೇ ಉಳಿಸಿಕೊಂಡರು. ಹೀಗೇಕೆ? ಶ್ರದ್ಧೆಯುಳ್ಳವರೆಲ್ಲ ಒಂದೇ ಗುಂಪಿಗೆ ಸೇರಿಬಿಟ್ಟರೆ ಹೋಲಿಕೆ ಕೆಟ್ಟುಹೋಗುತ್ತದೆ. ಹುಟ್ಟಿದ ತಾರೀಖಿಗೂ ಶ್ರದ್ಧೆಗೂ ಸಂಬಂಧವಿಲ್ಲ. ಒಂಬತ್ತು ತಿಂಗಳ ನಂತರ ನೋಡಿದರೆ ಮನೆಯಲ್ಲಿದ್ದವರ ಕೆಲಸ 13 ಪ್ರತಿಶತ ಹೆಚ್ಚಿತ್ತು, ಕೆಲಸ ಬಿಟ್ಟು ಹೋಗುವವರ ಪ್ರಮಾಣ ಅರ್ಧಕ್ಕೆ ಇಳಿದಿತ್ತು. ಕಂಪನಿಗೆ ಸಂತೋಷವೋ ಸಂತೋಷ. ಆದರೆ ಇನ್ನು ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಿ ಎಂದಾಗ, ಪ್ರಯೋಗದಲ್ಲಿದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಮ್ಮ ಮೊದಲಿನ ಮನಸ್ಸನ್ನು ಬದಲಾಯಿಸಿದರು. ಮುಖ್ಯ ಕಾರಣ ಒಂಟಿತನ. ಕೆಲಸ ಹೆಚ್ಚಾಗಿದ್ದೂ ಜನ ಬೇಸತ್ತಿದ್ದರು ಎಂಬುದನ್ನು ನೀವು ಗಮನಿಸಬೇಕು. ಈ ಎರಡನ್ನೂ ಒಂದೇ ಅಳತೆಗೋಲಿನಿಂದ ಅಳೆಯಲು ಬರುವುದಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ 2005ರಲ್ಲಿ ಬ್ರ್ಯಾಡ್ ನ್ಯೂಬರ್ಗ್ ಎಂಬ ಪ್ರೋಗ್ರಾಮರ್‌ಗೂ ಇದೇ ಕೊರತೆ ಕಾಡಿತ್ತು. ಸ್ವತಂತ್ರವಾಗಿ ದುಡಿಯುವ ಸ್ವಾತಂತ್ರ್ಯವೂ ಬೇಕು, ಕಚೇರಿಯ ಜೊತೆಗಾರಿಕೆಯೂ ಬೇಕು. ವಾರಕ್ಕೆ ಎರಡು ದಿನ ಒಂದು ಜಾಗ ಹಿಡಿದು, ಬನ್ನಿ ಒಟ್ಟಿಗೆ ಕೂತು ದುಡಿಯೋಣ ಎಂದು ಕರೆದರು. ಮೊದಲ ತಿಂಗಳು ಯಾರೂ ಬರಲಿಲ್ಲವಂತೆ! ಇಂದು ಲೋಕದ ನಗರ ನಗರಗಳಲ್ಲಿ ಇರುವ ಕೋ-ವರ್ಕಿಂಗ್ ಕೇಂದ್ರಗಳ ಆರಂಭವನ್ನು ಸಾಮಾನ್ಯವಾಗಿ ಅಲ್ಲಿಂದ ಎಣಿಸುತ್ತಾರೆ.

ಜೊತೆಗಾರಿಕೆ ಎಂದರೆ ಬರೀ ಹರಟೆಯೇ? ಅಲ್ಲ. ಅಮೆರಿಕದ ಎಂಐಟಿ ಸಂಸ್ಥೆಯ ಥಾಮಸ್ ಆಲನ್ ಅವರು ಎಂಜಿನಿಯರುಗಳ ಮೇಜುಗಳ ನಡುವಿನ ದೂರವನ್ನೂ ಅವರು ಪರಸ್ಪರ ಎಷ್ಟು ಸಲ ಮಾತಾಡುತ್ತಾರೆ ಎಂಬುದನ್ನೂ ಅಳೆದು, 1977ರ ತಮ್ಮ ಪುಸ್ತಕದಲ್ಲಿ ಒಂದು ರೇಖಾಚಿತ್ರ ಕೊಟ್ಟರು. ದೂರ ಹೆಚ್ಚಿದಂತೆ ಮಾತು ಸರ್ರನೆ ಇಳಿಯುತ್ತದೆ. 50 ಮೀಟರ್ ದಾಟಿದರೆ ಒಂದೇ ಕಟ್ಟಡದಲ್ಲಿದ್ದೂ ಇಲ್ಲದಂತೆಯೇ. ಪೊಂಟಾ ಡೊ ಸೋಲ್‌ನ ಕೊಠಡಿಯಲ್ಲಿ ಪಕ್ಕದವರು ಸಹೋದ್ಯೋಗಿಗಳಲ್ಲವಾದ್ದರಿಂದ ಈ ಮಾತಿನಿಂದ ಅವರವರ ಕಂಪನಿಗೆ ನೇರ ಲಾಭವಿಲ್ಲ. ಲಾಭ ಬೇರೆ ಬಗೆಯದು. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ಒಂದು ಪ್ರಸಿದ್ಧ ಲೇಖನದಲ್ಲಿ, ಹೊಸ ಕೆಲಸದ ಸುದ್ದಿ ಜನರಿಗೆ ಆಪ್ತ ಗೆಳೆಯರಿಗಿಂತ ಅಪರೂಪಕ್ಕೆ ಸಿಗುವ ಪರಿಚಿತರಿಂದಲೇ ಹೆಚ್ಚಾಗಿ ಬರುತ್ತದೆ ಎಂದು ತೋರಿಸಿದರು. ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ. ಪಕ್ಕದ ಕುರ್ಚಿಯಲ್ಲಿ ಒಂದು ತಿಂಗಳ ಮಟ್ಟಿಗೆ ಕೂರುವ ಅನುವಾದಕಿಗೋ ಲೆಕ್ಕಪರಿಶೋಧಕನಿಗೋ ಗೊತ್ತಿರುವ ಲೋಕವೇ ಬೇರೆ.

ಮೇಜು ಕುರ್ಚಿ ಹಾಕಿದ ಮಾತ್ರಕ್ಕೆ ಇದು ತಾನಾಗಿ ನಡೆಯುವುದಿಲ್ಲ. ಒಳ್ಳೆಯ ಕೇಂದ್ರಗಳಲ್ಲಿ ಹೊಸಬರನ್ನು ಹಳಬರಿಗೆ ಪರಿಚಯಿಸುವುದನ್ನೇ ಕೆಲಸವಾಗಿ ಮಾಡುವ ಒಬ್ಬರಿರುತ್ತಾರೆ. ಮದುವೆಮನೆಯಲ್ಲಿ ಎರಡೂ ಕಡೆಯ ನೆಂಟರನ್ನು ಕೂರಿಸಿ ಮಾತಿಗೆ ಹಚ್ಚುವ ಸೋದರಮಾವನನ್ನು ನೆನೆಸಿಕೊಳ್ಳಿ. ಕಾಫಿಗೆ ಒಂದೇ ಜಾಗ, ವಾರಕ್ಕೊಮ್ಮೆ ಒಟ್ಟಿಗೆ ಊಟ, ರಜೆಯ ದಿನ ಬೆಟ್ಟದ ನಡಿಗೆ. ಮಡೀರಾದಲ್ಲಿ ‘ಲೆವಾಡಾ’ ಎಂಬ ಹಳೆಯ ನೀರಾವರಿ ಕಾಲುವೆಗಳಿವೆ; ಅವುಗಳ ಏರಿಯ ಮೇಲೆ ಮೈಲಿಗಟ್ಟಲೆ ನಡೆಯಬಹುದು. ಮೌನಕ್ಕೂ ವ್ಯವಸ್ಥೆ ಬೇಕು. ದೂರವಾಣಿಯಲ್ಲಿ ಮಾತಾಡುವವರಿಗೆ ಬೇರೆ ಗೂಡು ಮಾಡುವುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಇಬ್ಬರ ಪೂರ್ತಿ ಸಂಭಾಷಣೆಗಿಂತ ಒಂದೇ ಬದಿಯ ಮಾತು ಕೇಳಿಸಿದರೆ ಗಮನ ಹೆಚ್ಚು ಕದಡುತ್ತದೆ ಎಂದು ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ತೋರಿಸಿದ್ದಾರೆ. ಕೇಳಿಸದ ಅರ್ಧವನ್ನು ಊಹಿಸುವ ಕೆಲಸಕ್ಕೆ ಮಿದುಳು ತೊಡಗುತ್ತದೆ.

ಇಷ್ಟೆಲ್ಲ ಸೊಗಸಿದ್ದರೂ ಊರಿನವರ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಮಡೀರಾ ತನ್ನ ಮಕ್ಕಳನ್ನು ಕೆಲಸಕ್ಕಾಗಿ ಹೊರಗೆ ಕಳಿಸಿದ ದ್ವೀಪ. ವೆನೆಜುವೆಲಾಕ್ಕೆ, ದಕ್ಷಿಣ ಆಫ್ರಿಕಾಕ್ಕೆ ಹೋದವರ ಮನೆತನಗಳು ಇಂದಿಗೂ ಅಲ್ಲಿವೆ. ಈಗ ಹೊರಗಿನವರು ತಮ್ಮ ಕೆಲಸವನ್ನೂ ಸಂಬಳವನ್ನೂ ಹೊತ್ತು ಇಲ್ಲಿಗೆ ಬರುತ್ತಿದ್ದಾರೆ. 2022ರ ಅಕ್ಟೋಬರ್‌ನಲ್ಲಿ ಪೋರ್ಚುಗಲ್ ಇಂಥವರಿಗೆಂದೇ ಒಂದು ವೀಸಾ ಆರಂಭಿಸಿತು. ಅದಕ್ಕೆ ಅರ್ಜಿ ಹಾಕುವವರ ಆದಾಯ ದೇಶದ ಕನಿಷ್ಠ ವೇತನದ ನಾಲ್ಕು ಪಟ್ಟು ಇರಬೇಕೆಂಬುದು ನಿಯಮ. ಆ ವರ್ಷ ಕನಿಷ್ಠ ವೇತನ ತಿಂಗಳಿಗೆ 705 ಯೂರೋ. ನಾಲ್ಕು ಪಟ್ಟು ಎಂದರೆ 2,820 ಯೂರೋ. ಒಂದೇ ಬೀದಿಯಲ್ಲಿ ಒಂದೇ ಮನೆಗೆ 705 ಯೂರೋ ದುಡಿಯುವ ಅಂಗಡಿ ಹುಡುಗಿಯೂ 2,820 ಯೂರೋ ದುಡಿಯುವ ಅತಿಥಿಯೂ ಬಾಡಿಗೆ ಕೇಳಿದರೆ ಮಾಲೀಕರು ಯಾರಿಗೆ ಕೊಡುತ್ತಾರೆ? ಪೋರ್ಚುಗಲ್‌ನಲ್ಲಿ ಮನೆಬಾಡಿಗೆ ಏರಿದ್ದಕ್ಕೆ ಪ್ರವಾಸೋದ್ಯಮ, ಹೂಡಿಕೆದಾರರು, ಹೊಸ ಮನೆಗಳ ಕೊರತೆ ಹೀಗೆ ಹಲವು ಕಾರಣಗಳಿವೆ. ಬೆರಳೆಣಿಕೆಯ ಲ್ಯಾಪ್‌ಟಾಪ್ ಅತಿಥಿಗಳ ಮೇಲೆಯೇ ಎಲ್ಲವನ್ನೂ ಹೊರಿಸುವುದು ನ್ಯಾಯವಲ್ಲ. ಆದರೆ ನಾಲ್ಕು ಪಟ್ಟಿನ ಲೆಕ್ಕ ಸರ್ಕಾರವೇ ಬರೆದ ಲೆಕ್ಕ. ನನ್ನ ದೃಷ್ಟಿಯಲ್ಲಿ ಇಂಥ ಕೇಂದ್ರ ಯಶಸ್ವಿಯೇ ಎಂದು ತಿಳಿಯಲು ಎಷ್ಟು ದೇಶಗಳವರು ಬಂದರು ಎಂದು ಎಣಿಸಿದರೆ ಸಾಲದು. ಆ ಮೇಜಿನಲ್ಲಿ ಊರಿನ ಎಷ್ಟು ಹುಡುಗ ಹುಡುಗಿಯರು ಕೂತಿದ್ದಾರೆ ಎಂದು ಕೇಳಬೇಕು.

ನಮ್ಮ ಕರಾವಳಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ಉಡುಪಿ, ಮಂಗಳೂರು, ಕುಂದಾಪುರದ ಕಡೆಯವರು ತಲೆಮಾರುಗಳಿಂದ ಮುಂಬಯಿಗೆ, ಆಮೇಲೆ ಕೊಲ್ಲಿ ದೇಶಗಳಿಗೆ, ಬೆಂಗಳೂರಿಗೆ ಹೋದವರು. ಮಂಗಳೂರಿಗೆ ಇನ್ಫೋಸಿಸ್ 1995ರಲ್ಲೇ ಬಂತು. ‘ಬಿಯಾಂಡ್ ಬೆಂಗಳೂರು’ ಎಂಬ ಹೆಸರಿನಲ್ಲಿ ಮಂಗಳೂರು, ಮೈಸೂರು, ಹುಬ್ಬಳ್ಳಿಯ ಕಡೆಗೆ ಉದ್ಯಮ ಹರಡಲು ರಾಜ್ಯ ಸರ್ಕಾರವೂ ಪ್ರಯತ್ನಿಸುತ್ತ ಬಂದಿದೆ. 2020ರ ಲಾಕ್‌ಡೌನ್‌ನಲ್ಲಿ ಎಷ್ಟೋ ಎಂಜಿನಿಯರುಗಳು ಊರಿನ ಮನೆಯ ಜಗುಲಿಯಿಂದಲೇ ಬೆಂಗಳೂರಿನ ಕೆಲಸ ಮಾಡಿದರು.

ಇಲ್ಲಿ ಗಡಿಯಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಡೀರಾದ ಗಡಿಯಾರ ಲಂಡನ್ನಿನ ಗಡಿಯಾರವೇ. ಬರ್ಲಿನ್ ಒಂದು ಗಂಟೆ ಮುಂದೆ. ಆದ್ದರಿಂದ ಆ ಕೊಠಡಿಯಲ್ಲಿ ಯುರೋಪಿನ ಕಂಪನಿಗಳಿಗೆ ದುಡಿಯುವವರೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ಕೆಲಸ ಶುರುಮಾಡಿ, ಒಟ್ಟಿಗೆ ಮುಗಿಸಿ, ಒಟ್ಟಿಗೆ ಕಡಲಿಗೆ ಇಳಿಯಬಹುದು. ಕುಂದಾಪುರದಲ್ಲಿ ಕೂತು ನ್ಯೂಯಾರ್ಕಿನ ಕಚೇರಿಗೆ ದುಡಿಯುವವರ ದಿನ ಚಳಿಗಾಲದಲ್ಲಿ ಸಂಜೆ ಏಳೂವರೆಗೆ ಆರಂಭವಾಗಿ ಬೆಳಗಿನ ಜಾವ ಮೂರೂವರೆಗೆ ಮುಗಿಯುತ್ತದೆ. ಲಂಡನ್ನಿಗಾದರೆ ರಾತ್ರಿ ಹತ್ತೂವರೆಯವರೆಗೆ. ಆ ಹೊತ್ತಿಗೆ ಹಂಚಿಕೊಂಡ ಕಚೇರಿಯಲ್ಲಿ ಕಾಫಿಗೆ ಜೊತೆ ಯಾರು? ಬೆಂಗಳೂರಿನ ಕಚೇರಿಗೆ ಈ ತೊಡಕಿಲ್ಲ. ಮಂಗಳೂರಿನಿಂದ ದಾರಿ ಸುಮಾರು 350 ಕಿಲೋಮೀಟರ್. ಬೆಳಕು ಗಾಜಿನಲ್ಲಿ ಹೋಗಿ ಬರಲು ಸೆಕೆಂಡಿನ ಸಾವಿರದ ನಾಲ್ಕು ಭಾಗವೂ ಬೇಡ, ಗಡಿಯಾರವೂ ಒಂದೇ. ಹಾಗಾಗಿ ನಮ್ಮ ಕಡಲೂರುಗಳಲ್ಲಿ ಇಂಥ ಕೊಠಡಿ ತೆರೆದರೆ ಅದನ್ನು ತುಂಬಬಲ್ಲವರು ಬಹುಶಃ ಹೊರದೇಶದ ಅತಿಥಿಗಳಲ್ಲ, ಬೆಂಗಳೂರಿಗೆ ಹೋದ ನಮ್ಮ ಮನೆಯ ಮಕ್ಕಳೇ. ಅವರಿಗೆ ಬಾಡಿಗೆ ಮನೆ ಬೇಕಾಗಿಲ್ಲ. ಬೇಕಾದದ್ದು ಆಷಾಢದ ಗಾಳಿಮಳೆಯಲ್ಲೂ ಹೋಗದ ವಿದ್ಯುತ್ತು, ಕಡಿದುಹೋದರೆ ಬದಲಿಗೆ ಇನ್ನೊಂದು ಅಂತರಜಾಲದ ಸಾಲು, ಮತ್ತು ವಾರಕ್ಕೆ ಮೂರು ದಿನವಾದರೂ ಊರಿನಿಂದ ದುಡಿಯಲು ಒಪ್ಪುವ ಮೇಲಧಿಕಾರಿ.