ಎದೆಯಿಂದ ತಲೆಗೆ 30 ಸೆಂಟಿಮೀಟರ್

ಬೀದರಿನ ಚಿದ್ರಿಯವರಿಗೆ ಹಾಕ್ ವಿಮಾನದ ಸದ್ದು ಹೊಸದಲ್ಲ. ಬೀದರ್ ವಾಯುಪಡೆ ನೆಲೆಗೆ ಈ ತರಬೇತಿ ಜೆಟ್ ಬಂದದ್ದು 2008ರಲ್ಲಿ. ಇಲ್ಲೇ 1996ರಲ್ಲಿ ಹುಟ್ಟಿದ, ಆಗಸದಲ್ಲಿ ಕಸರತ್ತು ತೋರಿಸುವ ಸೂರ್ಯಕಿರಣ್ ತಂಡವೂ 2015ರಿಂದ ಇದನ್ನೇ ಹಾರಿಸುತ್ತಿದೆ. ಹಾಕ್ 8 ಜಿ ತನಕ ತಾಳುತ್ತದೆ, ಅಂದರೆ ತನ್ನ ತೂಕದ 8 ಪಟ್ಟು ಭಾರ. ಒಳಗೆ ಸುಮ್ಮನೆ ಕೂತ ಮನುಷ್ಯನಿಗೆ 4–5 ಜಿಗೇ ಎಚ್ಚರ ತಪ್ಪುತ್ತದೆ. ಕಾರಣ ಎಲುಬಿನಲ್ಲೂ ಇಲ್ಲ, ಧೈರ್ಯದಲ್ಲೂ ಇಲ್ಲ.

ಕಾರಣ ಇರುವುದು ರಕ್ತದ ಒತ್ತಡದಲ್ಲಿ. ಲೆಕ್ಕ ಹೀಗಿದೆ. ಬಿಪಿ 120/80 ಇದ್ದವರಲ್ಲಿ ಹೃದಯದ ಮಟ್ಟದ ಸರಾಸರಿ ಒತ್ತಡ ಸುಮಾರು 93. ಅಲ್ಲಿಂದ ಮಿದುಳಿಗೆ ಹೆಚ್ಚುಕಡಿಮೆ 30 ಸೆಂ.ಮೀ. ಏರು. ಅಷ್ಟೆತ್ತರಕ್ಕೆ ರಕ್ತ ಏರಿಸಲು 23 ಖರ್ಚಾಗಿ ತಲೆಗೆ 70 ಸಿಗುತ್ತದೆ. ವಿಮಾನ ಬಿರುಸಾಗಿ ತಿರುಗಿದಾಗ ರಕ್ತವೂ ಭಾರವಾಗುತ್ತದೆ. 2 ಜಿಯಲ್ಲಿ ತಲೆಗೆ ಉಳಿಯುವುದು 47, 3ರಲ್ಲಿ 24, 4ರಲ್ಲಿ ಬರೀ 1! ದೇಹ ಸುಮ್ಮನಿರುವುದಿಲ್ಲ, ಕತ್ತಿನ ರಕ್ತನಾಳದಲ್ಲಿರುವ ಒತ್ತಡದ ಕಾವಲುಗಾರರು ಹೃದಯ ಬಡಿತ ಹೆಚ್ಚಿಸುತ್ತಾರೆ. ಆದರೆ ಅದಕ್ಕೆ 5–10 ಸೆಕೆಂಡ್ ಬೇಕು. ರಕ್ತ ನಿಂತ ಮಿದುಳು ತನ್ನಲ್ಲಿರುವ ಆಮ್ಲಜನಕದಲ್ಲಿ ತಳ್ಳುವುದು ಸುಮಾರು 5 ಸೆಕೆಂಡ್ ಮಾತ್ರ. 70 ಕಿಲೋ ದೇಹದಲ್ಲಿ ಮಿದುಳಿನ ತೂಕ 1.4 ಕಿಲೋ, ನೂರಕ್ಕೆ 2 ಪಾಲು. ಆಮ್ಲಜನಕದಲ್ಲಿ ಅದು ಕೇಳುವುದು ನೂರಕ್ಕೆ 20. ಇಷ್ಟು ತಿನ್ನುವ ಅಂಗಕ್ಕೆ ಉಗ್ರಾಣವೇ ಇಲ್ಲ.

ಮೊದಲು ಕೈಕೊಡುವುದು ಮಾತ್ರ ಕಣ್ಣು. ಗುಡ್ಡೆಯೊಳಗೇ ಸುಮಾರು 15ರಷ್ಟು ಒತ್ತಡ ಇರುವುದರಿಂದ ರಕ್ತ ಅದನ್ನೂ ಮೀರಿ ನುಗ್ಗಬೇಕು. ಬಣ್ಣ ಮಾಸುತ್ತದೆ, ಅಂಚು ಮಬ್ಬಾಗುತ್ತದೆ, ಆಮೇಲೆ ಪೂರ್ತಿ ಕತ್ತಲೆ. ಆದರೂ ಕಿವಿ ಕೇಳುತ್ತಿರುತ್ತದೆ, ಬುದ್ಧಿ ನೆಟ್ಟಗಿರುತ್ತದೆ. ಕುಕ್ಕರಗಾಲಲ್ಲಿ ಕೂತು ತಟ್ಟನೆ ಎದ್ದಾಗ ಕಣ್ಣು ಕತ್ತಲೆ ಬರುತ್ತದಲ್ಲ, ಅದರ ದೊಡ್ಡಣ್ಣ ಇದು. ಪೈಲಟ್‌ಗೆ ಇದು ಎಚ್ಚರಿಕೆಯ ಗಂಟೆ. ಜಿ ತೀರಾ ರಭಸದಿಂದ ಏರಿದರೆ ಆ ಗಂಟೆಯೂ ಮೊಳಗುವುದಿಲ್ಲ.

ಉಪಾಯ ಎರಡು. ಕಾಲು, ತೊಡೆ, ಹೊಟ್ಟೆಗೆ ಬಿಗಿಯುವ ಜಿ-ಸೂಟ್‌ನ ಗಾಳಿಚೀಲಗಳು ಉಬ್ಬಿ ರಕ್ತ ಕೆಳಗಿಳಿಯದಂತೆ ಒತ್ತುತ್ತವೆ. ಲಾಭ 1ರಿಂದ 1.5 ಜಿ. ಸೂಟಿಗಿಂತ ಸ್ನಾಯುವೇ ಮೇಲು: ಕಾಲು, ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ಸುಮಾರು 3 ಸೆಕೆಂಡಿಗೊಮ್ಮೆ ಚಕ್ಕನೆ ಉಸಿರು ಬದಲಿಸಿದರೆ ಇನ್ನೂ 3 ಜಿಯಷ್ಟು ಸಿಗುತ್ತದೆ. 1957ರಲ್ಲಿ ಶುರುವಾದ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಪೈಲಟ್‌ಗಳನ್ನು ಗಿರ್ರನೆ ತಿರುಗುವ ಯಂತ್ರದಲ್ಲಿ ಕೂರಿಸಿ ಇದನ್ನು ರೂಢಿ ಮಾಡಿಸುತ್ತಾರೆ.

ಎಚ್ಚರ ತಪ್ಪಿದರೆ ಸುಮಾರು 12 ಸೆಕೆಂಡ್ ಜ್ಞಾನವಿಲ್ಲ, ಎದ್ದ ಮೇಲೂ ಅಷ್ಟೇ ಹೊತ್ತು ಗಲಿಬಿಲಿ. ಗಂಟೆಗೆ 720 ಕಿ.ಮೀ. ವೇಗದಲ್ಲಿ ಆ 24 ಸೆಕೆಂಡಿಗೆ ವಿಮಾನ 4.8 ಕಿ.ಮೀ. ದಾಟಿರುತ್ತದೆ. ಬೀದರಿನ ಬೇಸಿಗೆ ರಕ್ತದ ಒತ್ತಡದ ಲೆಕ್ಕವನ್ನು ಇನ್ನಷ್ಟು ಕೆಡಿಸುತ್ತದೆ. 40 ಡಿಗ್ರಿ ಬಿಸಿಲಲ್ಲಿ 70 ಕಿಲೋ ಮನುಷ್ಯ ಮೈತೂಕದ ನೂರಕ್ಕೆ 2ರಷ್ಟು ಬೆವರಿದರೆ 1.4 ಲೀಟರ್ ನೀರು ಹೋಯಿತು. ಅದರಲ್ಲೊಂದು ಪಾಲು ಮೈಯಲ್ಲಿರುವ 5 ಲೀಟರ್ ರಕ್ತದಿಂದಲೇ ಹೋಗಿರುತ್ತದೆ.